ಮಗಳ ಪಾದದ ಗಂಟಿನ ಬಿರುಕು: ಆರು ವಾರ ಪ್ಲಾಸ್ಟರೋ, ಬಿಚ್ಚಿ ಹಾಕುವ ಬ್ರೇಸೋ?

ಖೋಖೋ_ತಾಯಿ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಕಳೆದ ಗುರುವಾರ ಶಾಲೆಯಲ್ಲಿ ಖೋಖೋ ಆಡುವಾಗ ಕಂಬ ಸುತ್ತಿ ತಿರುಗಲು ಹೋಗಿ ಬಲಗಾಲು ಒಳಕ್ಕೆ ಮಡಚಿಕೊಂಡಿದೆ. ಸಂಜೆ ಹೊತ್ತಿಗೆ ಹೊರಗಡೆಯ ಗಂಟು ಕಾಣದಷ್ಟು ಊದಿತ್ತು. ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಎಕ್ಸ್-ರೇ ನೋಡಿ, ಮೂಳೆ ಜರುಗಿಲ್ಲ, ಆದರೆ ಬೆಳೆಯುವ ಪಟ್ಟಿಯಲ್ಲಿ (ಮಕ್ಕಳ ಮೂಳೆ ಉದ್ದವಾಗುವ, ತುದಿಯ ಹತ್ತಿರದ ಮೆದು ಭಾಗ) ಬಿರುಕಿರಬಹುದು ಅಂದರು. ಚೀಟಿಯಲ್ಲಿ "ಡಿಸ್ಟಲ್ ಫಿಬುಲಾ, ಸಾಲ್ಟರ್-ಹ್ಯಾರಿಸ್ ಟೈಪ್ 1, ಅನ್‌ಡಿಸ್‌ಪ್ಲೇಸ್ಡ್" ಅಂತಿದೆ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಸ್ಲ್ಯಾಬ್, ಅಂದರೆ ಒಂದು ಬದಿಗಷ್ಟೇ ಪ್ಲಾಸ್ಟರ್, ಹಾಕಿ ಕಳಿಸಿದರು. ಊತ ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್, ಆರು ವಾರ, ಕಾಲು ನೆಲಕ್ಕೆ ಊರಲೇಬಾರದು.

ನಿನ್ನೆ ನಮ್ಮ ಭಾವನವರು ಇನ್ನೊಬ್ಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಅದೇ ಎಕ್ಸ್-ರೇ ನೋಡಿ, ಪ್ಲಾಸ್ಟರ್ ಬೇಡ, ಆಂಕಲ್ ಬ್ರೇಸ್ ಹಾಕಿ, ನೋವು ತಡೆಯುವಷ್ಟು ನಡೆಯಲಿ, ಮೂರು ವಾರಕ್ಕೆ ಬನ್ನಿ ಅಂದರು. ಸ್ನಾನಕ್ಕೆ ಬಿಚ್ಚಬಹುದಂತೆ! ಒಂದೇ ಕಾಲು, ಒಂದೇ ಫೋಟೋ. ಒಬ್ಬರು ಊರಲೇಬಾರದು ಅನ್ನುತ್ತಾರೆ, ಇನ್ನೊಬ್ಬರು ನಡೆಯಲಿ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ?

ಮನೆಯಲ್ಲಿ ಅತ್ತೆಯವರದು ಬೇರೆಯೇ ಹಟ. ನಾಟಿ ಕಟ್ಟು ಕಟ್ಟಿಸೋಣ ಅಂತ ಬೆಳಗ್ಗೆಯಿಂದ ಹಿಡಿದಿದ್ದಾರೆ. ನನ್ನ ಮುಖ್ಯ ಭಯ ಇದು: ಬೆಳೆಯುವ ಪಟ್ಟಿ ಅಂದರೆ ಮುಂದೆ ಆ ಕಾಲು ಗಿಡ್ಡ ಉಳಿದುಬಿಟ್ಟರೆ? ಇಬ್ಬರಲ್ಲಿ ಯಾರ ದಾರಿ ಹಿಡಿದರೆ ಆ ಅಪಾಯ ಕಡಿಮೆ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ತೀರ್ಥಹಳ್ಳಿ_ಅಪ್ಪ
ನನ್ನ ಮಗನಿಗೆ ಎಂಟನೇ ವಯಸ್ಸಿಗೆ ಹೆಚ್ಚುಕಡಿಮೆ ಇದೇ ಆಗಿತ್ತು. ಆರು ವಾರ ಪ್ಲಾಸ್ಟರ್, ಅದೂ ಆಷಾಢದಲ್ಲಿ. ಮಳೆಗೆ ಅಂಚು ನೆನೆದು ವಾಸನೆ. ಒಳಗೆ ತುರಿಕೆ ಅಂತ ಹಂಚಿಕಡ್ಡಿ ತೂರಿಸಿ ಕೆರೆದುಕೊಂಡು, ಅದು ಒಳಗೇ ಮುರಿದು, ಗಾಯ ಬೇರೆ ಮಾಡಿಕೊಂಡ. ಬಿಚ್ಚಿದ ದಿನ ನೋಡಿದರೆ ಮೀನಖಂಡವೇ ಇಲ್ಲ. ಎಡಗಾಲಿನ ಮುಂದೆ ಬಲಗಾಲು ಬೆತ್ತದ ಹಾಗೆ. ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಸರಿಯಾಗಿ ಓಡಲು ಮತ್ತೆ ಎರಡು ತಿಂಗಳು ಹಿಡಿಯಿತು. ಮೂಳೆ ಚೆನ್ನಾಗಿಯೇ ಕೂಡಿತು, ಅದರಲ್ಲಿ ಎರಡು ಮಾತಿಲ್ಲ. ಈಗ ಹದಿನಾಲ್ಕು, ಎರಡೂ ಕಾಲು ಸಮ.

ಹುಬ್ಬಳ್ಳಿ_ಮಾಮಾ
ಅಕ್ಕಾರ, ನನ್ನ ಮಾತ ಕೇಳ್ರಿ, ಪ್ಲಾಸ್ಟರ್ ಹಾಕಸ್ರಿ. ಬ್ರೇಸ್ ಅಂದ್ರ ಹುಡುಗರು ಬಿಚ್ಚಿ ಒಗೀತಾವ. ಒಂಬತ್ತು ವರ್ಷದ ಖೋಖೋ ಆಡೋ ಹುಡುಗಿ ಸುಮ್ನ ಕೂಡ್ರತಾಳೇನ್ರಿ? ನೀವು ಅಡಿಗಿ ಮನ್ಯಾಗ ಇದ್ದಾಗ ಆಕಿ ಅಂಗಳದಾಗ ಕುಂಟಾಬಿಲ್ಲಿ ಆಡ್ತಿರ್ತಾಳ. ಪ್ಲಾಸ್ಟರ್ ಇದ್ರ ಆ ಚಿಂತಿನ ಇಲ್ಲ. ಮೂಳಿ ವಿಷಯ, ಆಟ ಅಲ್ಲ.

ಕಡಬದ_ಅಕ್ಕ
ನಾಟಿ ಕಟ್ಟು ಅಂದ ಕೂಡಲೇ ಎಲ್ಲರೂ ಪುತ್ತೂರು ಕಟ್ಟು ಅಂತ ನಮ್ಮ ಪುತ್ತೂರಿಗೆ ವಿಳಾಸ ಕೇಳುದು ಉಂಟು ಮಾರಾಯ್ರೆ. ಅದು ದಕ್ಷಿಣ ಕನ್ನಡದ ಪುತ್ತೂರು ಅಲ್ಲ. ಆಂಧ್ರದಲ್ಲಿ ತಿರುಪತಿ ಹತ್ತಿರದ ಪುತ್ತೂರು. ಬೆಂಗಳೂರಿಂದ ಬಸ್ಸು ಹತ್ತುವ ಮೊದಲು ತಿಳ್ಕೊಳ್ಳಿ.

ಮೂಳೆಮನೆ (ಮೈಸೂರು)
ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಮಗುವನ್ನು ನೋಡದೆ ಇದನ್ನೇ ಮಾಡಿ ಎಂದು ಹೇಳಲಾರೆ. ಆದರೆ ಇಬ್ಬರು ವೈದ್ಯರು ಯಾಕೆ ಬೇರೆ ಬೇರೆ ಹೇಳಿದರು ಅನ್ನುವುದನ್ನು ವಿವರಿಸಬಲ್ಲೆ.

ಪಾದದ ಗಂಟನ್ನು ಒಂದು ಪುಟ್ಟ ಮನೆ ಅಂದುಕೊಳ್ಳಿ. ಮೇಲಿನ ಸೂರು ಮತ್ತು ಒಳಗಡೆಯ ಗೋಡೆ ಟಿಬಿಯಾ ಎಂಬ ದಪ್ಪ ಮೂಳೆಯದು. ಹೊರಗಡೆಯ ಗೋಡೆ ಫಿಬುಲಾ ಎಂಬ ಸಪೂರ ಮೂಳೆಯದು. ನಡುವೆ ಪಾದದ ಮೂಳೆ ಕೂತಿರುತ್ತದೆ. ಮೈಭಾರದ ದೊಡ್ಡ ಪಾಲು ಇಳಿಯುವುದು ಸೂರಿನ ಮೂಲಕ. ನಿಮ್ಮ ಮಗಳಿಗೆ ಪೆಟ್ಟಾಗಿದೆ ಅನ್ನುತ್ತಿರುವುದು ಹೊರಗೋಡೆಯ ತುದಿಗೆ ಮಾತ್ರ, ಅದೂ ಜರುಗದೆ. ಸೂರು ಗಟ್ಟಿಯಾಗಿದೆ, ಒಳಗೋಡೆ ಗಟ್ಟಿಯಾಗಿದೆ, ನಡುವಿನ ಮೂಳೆ ತನ್ನ ಜಾಗದಲ್ಲೇ ಇದೆ. ಇದನ್ನೇ ನಾವು ಸ್ಥಿರ ಮುರಿತ ಅನ್ನುವುದು. ನಡೆದರೂ ಅದು ಜರುಗುವ ಜಾತಿಯದಲ್ಲ.

ಈ ಬಗೆಯ ಪೆಟ್ಟಿಗೆ ಪ್ಲಾಸ್ಟರ್ ಹಾಕುವುದು ಹಳೆಯ ರೂಢಿ. ನಾವೆಲ್ಲ ಕಲಿತದ್ದೇ ಹಾಗೆ: ಮಕ್ಕಳಲ್ಲಿ ಅಸ್ಥಿರಜ್ಜು, ಅಂದರೆ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್, ಬೆಳೆಯುವ ಪಟ್ಟಿಗಿಂತ ಗಟ್ಟಿ. ಆದ್ದರಿಂದ ಕಾಲು ಉಳುಕಿದರೆ ಲಿಗಮೆಂಟ್ ಹರಿಯುವ ಮೊದಲು ಪಟ್ಟಿಯೇ ಬಿರಿಯುತ್ತದೆ. ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೂ ಗಂಟಿನ ಮೇಲೆ ಒತ್ತಿದಾಗ ನೋವಾದರೆ ಟೈಪ್ 1, ಅಂದರೆ ಪಟ್ಟಿಯಲ್ಲಷ್ಟೇ ಬಿರುಕು, ಅಂತ ಬರೆದು ಪ್ಲಾಸ್ಟರ್ ಹಾಕಿ ಅನ್ನುತ್ತಿದ್ದರು. ನಿಮ್ಮ ಚೀಟಿಯ ಪ್ರಶ್ನಾರ್ಥಕ ಚಿಹ್ನೆ ಬಂದದ್ದು ಇಲ್ಲಿಂದ.

ಕಾಲು ಗಿಡ್ಡವಾಗುವ ಭಯದ ಬಗ್ಗೆ: ಹೊರಗಡೆಯ ಫಿಬುಲಾದ ಜರುಗದ ಟೈಪ್ 1ರಲ್ಲಿ ಬೆಳವಣಿಗೆ ಕೆಡುವುದು ತೀರಾ ಅಪರೂಪ. ನಾವು ನಿಜವಾಗಿ ಹೆದರುವುದು ಟಿಬಿಯಾದ ಪಟ್ಟಿಗೆ ಪೆಟ್ಟಾದಾಗ, ಅದರಲ್ಲೂ ಒಳಗಂಟಿನ ಬಿರುಕು ಕೀಲಿನೊಳಕ್ಕೆ ಇಳಿದಾಗ.

ಟೊರೊಂಟೊ_ಕನ್ನಡತಿ
ಮೂಳೆಮನೆಯವರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಇಲ್ಲಿ ಮಕ್ಕಳ ತುರ್ತು ವಿಭಾಗದಲ್ಲಿ ನರ್ಸ್. ಬೆಳೆಯುವ ಪಟ್ಟಿಯ ಮುರಿತಗಳಿಗೆ ಸಾಲ್ಟರ್-ಹ್ಯಾರಿಸ್ ಅನ್ನುವ ವಿಂಗಡಣೆ ಬಂದದ್ದೇ ಈ ಊರಿಂದ, 1963ರಲ್ಲಿ. ಪ್ಲಾಸ್ಟರ್ ನಿಜವಾಗಲೂ ಬೇಕೇ ಎಂದು ಪರೀಕ್ಷಿಸಿ ನೋಡಿದವರೂ ಇದೇ ಊರಿನ ಮಕ್ಕಳ ಆಸ್ಪತ್ರೆಯವರು.

2007ರಲ್ಲಿ ಪ್ರಕಟವಾದ ಪರೀಕ್ಷೆ. ಈ ತರಹದ ಕಡಿಮೆ ಅಪಾಯದ ಪಾದದ ಗಂಟಿನ ಮುರಿತವಿದ್ದ 104 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಚ್ಚಿ ಹಾಕುವ ಬ್ರೇಸ್, ಇನ್ನೊಂದಕ್ಕೆ ನಡೆಯುವ ಪ್ಲಾಸ್ಟರ್, ಅಂದರೆ ಕಾಲೂರಿ ನಡೆಯಬಹುದಾದದ್ದು. ನಾಲ್ಕು ವಾರಕ್ಕೆ ನೋಡಿದಾಗ ಬ್ರೇಸ್ ಹಾಕಿದ ಮಕ್ಕಳಲ್ಲಿ ಸುಮಾರು 80% ಮೊದಲಿನ ಚಟುವಟಿಕೆಗೆ ಮರಳಿದ್ದರು, ಪ್ಲಾಸ್ಟರ್ ಹಾಕಿದವರಲ್ಲಿ ಸುಮಾರು 60%. ಪ್ಲಾಸ್ಟರ್ ಸಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಮಂದಿ ನಮಗೂ ಬ್ರೇಸ್ ಸಿಕ್ಕಿದ್ದರೆ ಚೆನ್ನಾಗಿತ್ತು ಅಂದರು. ಬ್ರೇಸ್ ಸಿಕ್ಕವರಲ್ಲಿ ಪ್ಲಾಸ್ಟರ್ ಬೇಕಿತ್ತು ಅಂದವರು ಬೆರಳೆಣಿಕೆಯಷ್ಟು.

ಆಮೇಲೆ 2016ರಲ್ಲಿ ಇನ್ನೊಂದು ಬಂತು. ನನಗೆ ಕಣ್ಣು ತೆರೆಸಿದ್ದು ಅದು. ಹೊರಗಂಟಿಗೆ ಪೆಟ್ಟಾಗಿ ಎಕ್ಸ್-ರೇಯಲ್ಲಿ ಏನೂ ಕಾಣದ, ಆದರೆ ಟೈಪ್ 1 ಇರಬಹುದು ಎಂದು ಅನುಮಾನಿಸಿದ 135 ಮಕ್ಕಳಿಗೆ ಎಂಆರ್‌ಐ ಮಾಡಿ ನೋಡಿದರು. ಬೆಳೆಯುವ ಪಟ್ಟಿಯಲ್ಲಿ ನಿಜವಾಗಿ ಬಿರುಕಿದ್ದದ್ದು ಎಷ್ಟು ಮಕ್ಕಳಿಗೆ ಗೊತ್ತೇ? ನಾಲ್ಕು. ಹೆಚ್ಚಿನವರಿಗೆ ಇದ್ದದ್ದು ಲಿಗಮೆಂಟಿನ ಪೆಟ್ಟು, ಅಂದರೆ ಉಳುಕು. ಎಲ್ಲರಿಗೂ ಬ್ರೇಸ್ ಕೊಟ್ಟಿದ್ದರು, ಎಲ್ಲರೂ ಚೆನ್ನಾಗಿಯೇ ಚೇತರಿಸಿಕೊಂಡರು. ಅಂದರೆ ಎಷ್ಟೋ ವರ್ಷ ಉಳುಕಿದ ಕಾಲುಗಳಿಗೆಲ್ಲ ನಾವು ಸುಮ್ಮನೆ ಪ್ಲಾಸ್ಟರ್ ಹಾಕುತ್ತಾ ಬಂದೆವು.

ತೀರ್ಥಹಳ್ಳಿ_ಅಪ್ಪ
135ರಲ್ಲಿ ನಾಲ್ಕು? ಹಾಗಾದರೆ ನನ್ನ ಮಗನ ಆರು ವಾರ…

ಟೊರೊಂಟೊ_ಕನ್ನಡತಿ
ನಿಮ್ಮ ಮಗನ ಎಕ್ಸ್-ರೇಯಲ್ಲಿ ಬಿರುಕು ಕಂಡಿದ್ದಿರಬಹುದು ಸರ್, ಅದು ಬೇರೆ ಗುಂಪು. ಬೇಜಾರು ಮಾಡಿಕೊಳ್ಳಬೇಡಿ. ಆಗಿನ ರೂಢಿ ಹಾಗಿತ್ತು, ನಿಮ್ಮ ಡಾಕ್ಟರದು ತಪ್ಪಲ್ಲ.

ಲೀಡ್ಸ್_ಗೌಡ
ಇಲ್ಲಿ ಬ್ರಿಟನ್ನಿನಲ್ಲೂ ದೊಡ್ಡ ಪರೀಕ್ಷೆ ಆಗಿದೆ. 965 ಮಕ್ಕಳು, 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ಲಾಸ್ಟರೂ ಬೇಡ, ಬ್ರೇಸೂ ಬೇಡ, ಬರೀ ಬಟ್ಟೆ ಬ್ಯಾಂಡೇಜ್ ಸಾಕು ಅಂತ ತೀರ್ಮಾನ. ನನ್ನ ಮಗಳಿಗೆ ಬ್ಯಾಂಡೇಜ್ ಸುತ್ತಿ ಮತ್ತೆ ಬರಲೂ ಬೇಡಿ ಅಂತ ಕಳಿಸಿದರು. ನೀವು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?

ಮೂಳೆಮನೆ (ಮೈಸೂರು)
ಗೌಡರೇ, ಅದು ಕೈ! ಮುಂಗೈ ಮೂಳೆಯಲ್ಲಿ ಎಳೆಕೊಂಬೆ ನಲುಗಿದ ಹಾಗೆ ಉಬ್ಬುವ ಮುರಿತದ ಪರೀಕ್ಷೆ ಅದು. ಪಾದದ ಗಂಟಿಗೆ ಅದನ್ನು ತಂದು ಅಂಟಿಸಬೇಡಿ. ಕೈ ಮೇಲೆ ಯಾರೂ ನಿಲ್ಲುವುದಿಲ್ಲ.

ಲೀಡ್ಸ್_ಗೌಡ
ಸರಿ ಡಾಕ್ಟ್ರೇ, ಒಪ್ಪಿದೆ. ಮಗಳದ್ದೂ ಕೈಯೇ. ಆದರೆ ನಾನು ಹೇಳಹೊರಟಿದ್ದು, ಮಕ್ಕಳ ಮೂಳೆಗೆ ನಾವು ಹೆದರಿ ಹೆಚ್ಚು ಕಟ್ಟುತ್ತೇವೆ ಅಂತ.

ಮೂಳೆಮನೆ (ಮೈಸೂರು)
ಅದು ನಿಜ. ಆದರೆ ಯಾವ ಮೂಳೆ, ಎಲ್ಲಿ, ಎಷ್ಟು ಜರುಗಿದೆ ಅನ್ನುವುದು ಮೊದಲು.

ಹುಬ್ಬಳ್ಳಿ_ಮಾಮಾ
ಟೊರೊಂಟೊ ಅಕ್ಕಾರ, ನಿಮ್ಮ ಅಂಕಿ ಸಂಖ್ಯಾ ಎಲ್ಲಾ ಖರೇ ಇರಬಹುದು. ಆದ್ರ ಕೆನಡಾದ ಮಕ್ಕಳು ಬ್ಯಾರೆ, ನಮ್ಮ ಮಕ್ಕಳು ಬ್ಯಾರೆ. ಅಲ್ಲಿ ರಸ್ತೆ ಸಪಾಟ, ಶಾಲಿಗೆ ಬಸ್ಸು, ಲಿಫ್ಟು. ಇಲ್ಲಿ ಗಟಾರ ದಾಟಿ, ಆಟೋದಾಗ ಹತ್ತು ಮಂದಿ ನಡುವ ಕುಂತು ಹೋಗಬೇಕು. ಯಾರರ ಕಾಲ ತುಳಿದ್ರ?

ಟೊರೊಂಟೊ_ಕನ್ನಡತಿ
ತುಳಿತದ ವಿಷಯ ಒಪ್ಪುತ್ತೇನೆ ಮಾಮಾ. ಮೊದಲ ವಾರ ಶಾಲೆಯ ಆಟೋ ಬೇಡವೇ ಬೇಡ, ಮನೆಯವರೇ ಬಿಟ್ಟು ಬರಲಿ. ಆದರೆ ನೀವು ಹೇಳುವ ನಮ್ಮ ಊರಿನ ಸ್ಥಿತಿಗೇ ಬ್ರೇಸ್ ಇನ್ನೂ ಚೆನ್ನಾಗಿ ಒಗ್ಗುತ್ತದೆ ಅಂತ ನನಗನ್ನಿಸುತ್ತದೆ. ಹುಟ್ಟಿ ಬೆಳೆದದ್ದು ರಾಣೆಬೆನ್ನೂರು, ಅಲ್ಲಿನ ಮನೆ ಹೇಗಿರುತ್ತದೆ ಅಂತ ಗೊತ್ತು. ಕಾಲು ಊರಲೇಬಾರದು ಅಂತ ಪ್ಲಾಸ್ಟರ್ ಹಾಕಿದ ಮಗು ಕೂತುಕೊಳ್ಳುವ ಪಾಯಿಖಾನೆಯಲ್ಲಿ ಏನು ಮಾಡಬೇಕು? ಇದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ.

ಖೋಖೋ_ತಾಯಿ (ದಾವಣಗೆರೆ)
ಅಯ್ಯೋ, ಅದೇ ನಮ್ಮ ಮನೆಯ ದೊಡ್ಡ ಪಾಡು. ಇದ್ದದ್ದು ಇಂಡಿಯನ್ ಪಾಯಿಖಾನೆ ಒಂದೇ. ನಾನು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿ ಹಿಡಿದಿರುತ್ತೇನೆ, ಅವಳು ಸ್ಲ್ಯಾಬಿನ ಕಾಲು ಮುಂದೆ ಚಾಚಿಕೊಂಡು ಒಂಟಿಕಾಲಲ್ಲಿ ಕೂರುತ್ತಾಳೆ. ಮೊನ್ನೆ ಇಬ್ಬರೂ ಜಾರಿದೆವು. ನಾಚಿಕೆಗೆ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ.

ಕಡಬದ_ಅಕ್ಕ
ನೀರು ಬಿಡಬಾರದು, ಪಾಪ ಆ ಮಗು. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊರೆದು ಕಮೋಡ್ ತರಹ ಮಾಡಿ ಇಡಿ. ನಾವು ಮಾವನಿಗೆ ಹಾಗೇ ಮಾಡಿದ್ದು. ಅಂಚಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ, ಚುಚ್ಚುದಿಲ್ಲ. ಔಷಧಿ ಅಂಗಡಿಯಲ್ಲಿ ರೆಡಿ ಕುರ್ಚಿಯೂ ಸಿಗ್ತದೆ.

ಪಿಟಿ_ಮೇಷ್ಟ್ರು
ನಾನು ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳ ಕಾಲು ಉಳುಕಿದ್ದು ನೋಡಿದ್ದೇನೋ ಲೆಕ್ಕವಿಲ್ಲ. ನನಗೆ ಹೊಟ್ಟೆ ಉರಿಯುವುದು ಬಿದ್ದ ಮೇಲಿನ ಮೊದಲ ಅರ್ಧ ಗಂಟೆಯ ಬಗ್ಗೆ. ಹುಡುಗ ಕೂಗುತ್ತಾ ಬಿದ್ದಿರುತ್ತಾನೆ, ಯಾರೋ ದೊಡ್ಡವರು ಬಂದು "ನರ ಹೊರಳಿದೆ, ತೆಗೆದುಬಿಡ್ತೀನಿ" ಅಂತ ಹಿಮ್ಮಡಿ ಹಿಡಿದು ಜಗ್ಗಿ ತಿರುಚುತ್ತಾರೆ. ಇನ್ನೊಬ್ಬರು ಬಿಸಿ ಎಣ್ಣೆ ಹಾಕಿ ತಿಕ್ಕುತ್ತಾರೆ. ಊತ ಇಮ್ಮಡಿ ಆಗುತ್ತದೆ. ಜರುಗದ ಮೂಳೆ ಜರುಗಿದರೆ ಯಾರು ಹೊಣೆ?

ನಾನು ಮಾಡುವುದಿಷ್ಟೇ. ಶೂ ಬಿಚ್ಚಿ, ಟವೆಲಲ್ಲಿ ಸುತ್ತಿದ ಐಸು ಹದಿನೈದು ನಿಮಿಷ, ಕಾಲು ಬ್ಯಾಗಿನ ಮೇಲೆ ಎತ್ತರಕ್ಕೆ. ಆಮೇಲೆ ಎರಡೂ ಗಂಟಿನ ಹಿಂಭಾಗದ ಮೂಳೆಯನ್ನು ಕೆಳಗಿನ ತುದಿಯಿಂದ ನಾಲ್ಕು ಬೆರಳಗಲ ಮೇಲಿನವರೆಗೆ ಒತ್ತಿ ನೋಡುತ್ತೇನೆ. ಮೂಳೆಯ ಮೇಲೇ ನೋವು ಅಂದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮನೆಗೆ ಕಳಿಸುವುದಿಲ್ಲ, ನೇರ ಆಸ್ಪತ್ರೆ.

ಮೂಳೆಮನೆ (ಮೈಸೂರು)
ಮೇಷ್ಟ್ರೇ, ನೀವು ಮಾಡುತ್ತಿರುವುದು ಒಟ್ಟಾವಾ ನಿಯಮ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ್ದು, ನಾವು ತುರ್ತು ವಿಭಾಗದಲ್ಲಿ ದಿನಾ ಬಳಸುತ್ತೇವೆ. ಗಂಟಿನ ಹಿಂಬದಿಯ ಕೊನೆಯ 6 ಸೆಂಟಿಮೀಟರ್ ಅಂತ ಅದರಲ್ಲಿದೆ, ನಿಮ್ಮ ನಾಲ್ಕು ಬೆರಳು ಹತ್ತಿರ ಹತ್ತಿರ ಅಷ್ಟೇ. ಕಿರುಬೆರಳಿನ ಕಡೆ ಪಾದದ ಹೊರ ಅಂಚಿನ ನಡುವೆ ಎದ್ದು ಕಾಣುವ ಮೂಳೆಯನ್ನೂ ಒತ್ತಿ ನೋಡಿ, ಅಲ್ಲಿಯ ಮುರಿತ ಬಹಳ ಸಲ ಉಳುಕು ಅಂತ ತಪ್ಪಿಹೋಗುತ್ತದೆ.

ಪಿಟಿ_ಮೇಷ್ಟ್ರು
ಹೆಸರು ಗೊತ್ತಿರಲಿಲ್ಲ ಸರ್. ಒಂದು ತರಬೇತಿ ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಅಂಚಿನ ಮೂಳೆಯ ವಿಷಯ ಬರೆದಿಟ್ಟುಕೊಂಡೆ.

ಬಳ್ಳಾರಿ_ಬಾಬು
ಬ್ರೇಸ್ ಎಲ್ಲಾ ದುಡ್ಡು ಹೊಡೆಯೋ ದಾರಿ. ಆಸ್ಪತ್ರೆ ಮುಂದಿನ ಅಂಗಡಿ ಜೊತೆ ಒಪ್ಪಂದ ಇರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹೆಚ್ಚುಕಮ್ಮಿ ಬಿಟ್ಟಿ.

ಫಿಸಿಯೋ_ಕೋಲಾರ
ಬಾಬು ಅವರೇ, ಪೂರ್ತಿ ಲೆಕ್ಕ ಹಾಕಿ. ಮೊದಲು ಸ್ಲ್ಯಾಬ್, ವಾರಕ್ಕೆ ಪೂರ್ತಿ ಪ್ಲಾಸ್ಟರ್, ಒದ್ದೆಯಾದರೆ ಇನ್ನೊಂದು, ಕೊನೆಗೆ ಕೊಯ್ದು ತೆಗೆಸಲು ಒಂದು ಓಡಾಟ. ಪ್ರತಿ ಸಲ ಅಪ್ಪನೋ ಅಮ್ಮನೋ ಕೂಲಿ ಬಿಟ್ಟು ಬರಬೇಕು. ಆಮೇಲೆ ಬಿಗಿದುಕೊಂಡ ಗಂಟನ್ನು ಸಡಿಲ ಮಾಡಲು ನಮ್ಮ ಹತ್ತಿರ. ಬ್ರೇಸ್ ಒಂದು ಸಲ ಕೊಂಡರೆ ಮುಗಿಯಿತು, ತೊಳೆದಿಟ್ಟರೆ ತಮ್ಮನಿಗೂ ಆಗುತ್ತದೆ. ಆದರೆ ಅಂಗಡಿಯವನು ಬ್ರೇಸ್ ಅಂತ ಕೊಡುವುದೆಲ್ಲ ಬ್ರೇಸ್ ಅಲ್ಲ. ಕಾಲುಚೀಲದ ಹಾಗೆ ಎಳೆದು ಹಾಕುವ ಬಟ್ಟೆಯದನ್ನು ಕೊಟ್ಟು ಕಳಿಸುತ್ತಾರೆ. ಬೇಕಾದ್ದು ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಒಳಗೆ ಗಾಳಿಯ ಅಥವಾ ಜೆಲ್ಲಿನ ದಿಂಬು, ಹಿಮ್ಮಡಿ ಕೆಳಗೆ ಪಟ್ಟಿ, ಮೇಲೆ ಎರಡು ವೆಲ್ಕ್ರೋ ಇರುವಂಥದ್ದು. ಪಾದ ಮೇಲೆ ಕೆಳಗೆ ಆಡುತ್ತದೆ, ಒಳಗೆ ಹೊರಗೆ ಮಡಚಿಕೊಳ್ಳುವುದಿಲ್ಲ. ಗುಟ್ಟು ಇರುವುದೇ ಅಲ್ಲಿ. ಹತ್ತಿ ಕಾಲುಚೀಲದ ಮೇಲೆ ಹಾಕಿ, ಹೊರಗೆ ಲೇಸು ಕಟ್ಟುವ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಮೇಲೆ ಬೇಡ.

ಬಳ್ಳಾರಿ_ಬಾಬು
ಕೂಲಿ ಬಿಡೋ ಲೆಕ್ಕ ನಾನು ಹಾಕಿರಲಿಲ್ಲ. ಸರಿ. ಆದರೂ ಬ್ರೇಸ್ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡುವಂತಾಗಬೇಕು. ಇಲ್ಲದಿದ್ದರೆ ಬಡವರ ಮಕ್ಕಳಿಗೆ ಪ್ಲಾಸ್ಟರ್, ಉಳ್ಳವರ ಮಕ್ಕಳಿಗೆ ಬ್ರೇಸ್ ಅಂತಾಗುತ್ತೆ.

ಫಿಸಿಯೋ_ಕೋಲಾರ
ಇದಕ್ಕೆ ನನ್ನ ಎರಡೂ ಕೈ ಎತ್ತಿದೆ.

ಮಂಡ್ಯದ_ಸೊಸೆ
ನಾನು ಒಂದು ಎಚ್ಚರಿಕೆ ಹೇಳಲೇಬೇಕು, ಎಲ್ಲರೂ ಬ್ರೇಸ್ ಬ್ರೇಸ್ ಅಂತಿದ್ದೀರಿ. ನನ್ನ ಮಗನಿಗೆ ಹದಿಮೂರೂವರೆ. ಕಬಡ್ಡಿಯಲ್ಲಿ ಕಾಲು ತಿರುಚಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದೇ ಕಡೆಯಿಂದ ಎಕ್ಸ್-ರೇ ತೆಗೆದು, ಏನಿಲ್ಲ, ಕ್ರೇಪ್ ಬ್ಯಾಂಡೇಜ್ ಸುತ್ತಿ, ನಡೆದಾಡಲಿ ಅಂದರು. ಎಂಟು ದಿನ ಕುಂಟುತ್ತಾ ನಡೆದ. ನೋವು ಗಂಟಿನ ಮುಂಭಾಗಕ್ಕಿತ್ತು, ಹೊರಗಲ್ಲ. ಊತ ಇಳಿಯಲೇ ಇಲ್ಲ. ಮತ್ತೊಂದು ಕಡೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಟಿಬಿಯಾದ ಮುಂದಿನ ಮೂಲೆ ಚೂರಾಗಿ ಕಿತ್ತು ಬಂದಿತ್ತು. ಟಿಲೋ ಮುರಿತ ಅಂತೆ. ಆಪರೇಷನ್ ಮಾಡಿ ಸ್ಕ್ರೂ ಹಾಕಿದರು. ಇಂದಿಗೂ ಮೆಟ್ಟಿಲು ಇಳಿಯುವಾಗ ಅವನ ಕಾಲನ್ನೇ ನೋಡುತ್ತಿರುತ್ತೇನೆ.

ಮೂಳೆಮನೆ (ಮೈಸೂರು)
ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ ಅಕ್ಕ. ಈ ಚರ್ಚೆ ಓದುವ ಎಲ್ಲ ತಂದೆತಾಯಿಯರೂ ನಿಮ್ಮ ಮಾತು ಓದಬೇಕು.

ಸುಮಾರು 12ರಿಂದ 15 ವಯಸ್ಸಿನಲ್ಲಿ ಟಿಬಿಯಾದ ಬೆಳೆಯುವ ಪಟ್ಟಿ ಮುಚ್ಚಿಕೊಳ್ಳತೊಡಗುತ್ತದೆ. ಒಮ್ಮೆಗೇ ಮುಚ್ಚುವುದಿಲ್ಲ. ನಡುವಿನಿಂದ ಶುರುವಾಗಿ ಒಳಬದಿಗೆ ಹೋಗಿ, ಹೊರಬದಿ ಕೊನೆಗೆ. ಇದಕ್ಕೆ ಒಂದೂವರೆ ವರ್ಷದಷ್ಟು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮುಂದಿನ ಹೊರಮೂಲೆ ಮಾತ್ರ ಇನ್ನೂ ಮುಚ್ಚಿರುವುದಿಲ್ಲ. ಕಾಲು ತಿರುಚಿದಾಗ ಅದೇ ಕಿತ್ತು ಬರುತ್ತದೆ, ಬಿರುಕು ಕೀಲಿನೊಳಕ್ಕೆ ಇಳಿಯುತ್ತದೆ. 2 ಮಿಲಿಮೀಟರಿಗಿಂತ ಹೆಚ್ಚು ಬಿಟ್ಟಿದ್ದರೆ ಸಾಮಾನ್ಯವಾಗಿ ಸ್ಕ್ರೂ ಬೇಕು. ಇಂಥದ್ದಕ್ಕೆ ಬ್ರೇಸ್ ಹಾಕಿ ನಡೆಸುವುದು ದೊಡ್ಡ ತಪ್ಪು. ಬ್ರೇಸಿನ ಮಾತೆಲ್ಲ ಹೊರಗಂಟಿನ ಫಿಬುಲಾದ ಜರುಗದ ಟೈಪ್ 1, ಟೈಪ್ 2 (ಬಿರುಕು ಪಟ್ಟಿಯಿಂದ ಮೇಲಿನ ಮೂಳೆಗೂ ಹರಿದದ್ದು), ತುದಿಯಿಂದ ಎದ್ದ ಸಣ್ಣ ಚೂರು, ಇಷ್ಟಕ್ಕೇ ಸೀಮಿತ.

ಆದ್ದರಿಂದ ಖೋಖೋ_ತಾಯಿಯವರೇ, ಎರಡನೇ ಡಾಕ್ಟರ ಹತ್ತಿರ ಮತ್ತೆ ಹೋದಾಗ ಇಷ್ಟು ಕೇಳಿ. ಒಳಗಂಟಿನ ಮೇಲೆ ಒತ್ತಿ ನೋಡಿದಿರಾ? ಎಕ್ಸ್-ರೇ ಎದುರಿನಿಂದ, ಪಕ್ಕದಿಂದ, ಓರೆಯಾಗಿ, ಮೂರೂ ಇವೆಯಾ? ಟಿಬಿಯಾದ ಪಟ್ಟಿ ಸರಿ ಇದೆಯಾ? ಮೂರಕ್ಕೂ ಒಳ್ಳೆಯ ಉತ್ತರ ಬಂದರೆ ನನ್ನ ಸ್ವಂತ ಮಗಳಾಗಿದ್ದರೂ ನಾನು ಬ್ರೇಸೇ ಹಾಕುತ್ತಿದ್ದೆ.

ಹುಬ್ಬಳ್ಳಿ_ಮಾಮಾ
ಡಾಕ್ಟರ, ಹಂಗಾದ್ರ ಮೊದಲನೇ ಡಾಕ್ಟರ್ ತಪ್ಪು ಅಂತೀರೇನು?

ಮೂಳೆಮನೆ (ಮೈಸೂರು)
ತಪ್ಪು ಅನ್ನಲಾರೆ ಮಾಮಾ. ರಾತ್ರಿ ಹೊತ್ತು, ಊದಿದ ಕಾಲು, ಅಳುವ ಮಗು. ಸ್ಲ್ಯಾಬ್ ಹಾಕಿ ಕಳಿಸಿದ್ದು ಸರಿ. ಪ್ಲಾಸ್ಟರ್ ಹಾಕಿದರೂ ಮೂಳೆ ಕೂಡುತ್ತದೆ. ನನ್ನ ತಕರಾರು ಆರು ವಾರದ ಬಗ್ಗೆ, ಊರಲೇಬಾರದು ಅನ್ನುವುದರ ಬಗ್ಗೆ. ಒಂಬತ್ತು ವರ್ಷದ ಮಗುವಿಗೆ ಈ ಪೆಟ್ಟಿಗೆ ಅಷ್ಟು ಬೇಡ. ಪ್ಲಾಸ್ಟರೇ ಅಂತಾದರೂ ಮೂರ್ನಾಲ್ಕು ವಾರ, ನಡೆಯುವ ಪ್ಲಾಸ್ಟರ್ ಸಾಕು. ಮಗು ಬ್ರೇಸ್ ಇಟ್ಟುಕೊಳ್ಳುವುದೇ ಇಲ್ಲ, ಅಥವಾ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂದರೆ ನಾನೂ ಪ್ಲಾಸ್ಟರ್ ಹಾಕಿದ್ದೇನೆ. ನಿಮ್ಮ ಅನುಭವ ಸುಳ್ಳಲ್ಲ.

ಹುಬ್ಬಳ್ಳಿ_ಮಾಮಾ
ಇದು ನ್ಯಾಯವಾದ ಮಾತು.

ಚಳ್ಳಕೆರೆ_ಅಜ್ಜಿಮೊಮ್ಮಗ
ನಾಟಿ ಕಟ್ಟಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮಜ್ಜ ಮೂಳೆ ಕಟ್ಟುತ್ತಿದ್ದರು. ಬಿದಿರಿನ ಚಕ್ಕೆ, ಮೊಟ್ಟೆಯ ಬಿಳಿ, ಅರೆದ ಸೊಪ್ಪು, ಮೇಲೆ ಬಟ್ಟೆ. ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟುತ್ತಿದ್ದರು. ಕಟ್ಟಿ ಆದಮೇಲೆ ಮನೆಗೆ ಬಿಡುತ್ತಿರಲಿಲ್ಲ, ಜಗಲಿಯ ಮೇಲೆ ಒಂದು ತಾಸು ಕೂರಿಸಿ ಬೆರಳಿನ ಉಗುರು ಒತ್ತಿ ನೋಡುತ್ತಿದ್ದರು. ಉಗುರು ಬೆಳ್ಳಗಾಗಿ ತಕ್ಷಣ ಕೆಂಪಾಗಬೇಕು, ಇಲ್ಲದಿದ್ದರೆ ಸಡಿಲ ಮಾಡುತ್ತಿದ್ದರು. ಅವರನ್ನು ಮೋಸಗಾರರು ಅಂದರೆ ನಾನು ಒಪ್ಪುವುದಿಲ್ಲ.

ಫಿಸಿಯೋ_ಕೋಲಾರ
ನಿಮ್ಮಜ್ಜನಿಗೆ ಕೈ ಮುಗಿಯುತ್ತೇನೆ. ಆ ಉಗುರು ಒತ್ತಿ ನೋಡುವುದನ್ನೇ ನಾವೂ ಮಾಡುವುದು. ಆದರೆ ಈಗ ಕಟ್ಟುವವರೆಲ್ಲ ನಿಮ್ಮಜ್ಜನಂತಿಲ್ಲ. ಬಿಗಿದು ಕಟ್ಟಿ ಊರಿಗೆ ಕಳಿಸಿಬಿಡುತ್ತಾರೆ. ಒಳಗೆ ಊತ ಏರಿ, ರಕ್ತ ಹರಿಯದೆ, ಮಾಂಸಖಂಡ ಸತ್ತ ಕೈಕಾಲು ನಾನು ನೋಡಿದ್ದೇನೆ. ನಾಲ್ಕು ವರ್ಷದ ಮಗುವಿನ ಕೈ, ಬೆರಳು ಕೊಕ್ಕೆಯಂತೆ ಮಡಚಿ ನಿಂತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಆ ತಾಯಿ ಪ್ರತಿ ಸೋಮವಾರ ಬರುತ್ತಿದ್ದಳು.

ಹಾಗಂತ ಈ ಅಪಾಯ ನಾಟಿ ಕಟ್ಟಿಗೆ ಮಾತ್ರ ಅಲ್ಲ, ಪ್ಲಾಸ್ಟರಿಗೂ ಇದೆ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಮೇಲೆತ್ತಿದಾಗ ಪ್ರಾಣ ಹೋಗುವಷ್ಟು ನೋವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಅರ್ಧ ರಾತ್ರಿಯಾದರೂ ಹೋಗಿ ಬಿಚ್ಚಿಸಿ.

ಚಳ್ಳಕೆರೆ_ಅಜ್ಜಿಮೊಮ್ಮಗ
ಒಪ್ಪಿದೆ. ಅಜ್ಜನೂ ಎಳೆಮಕ್ಕಳ ಮೊಣಕೈ ಮುರಿತ ಮುಟ್ಟುತ್ತಿರಲಿಲ್ಲ, ದೊಡ್ಡಾಸ್ಪತ್ರೆಗೇ ಕಳಿಸುತ್ತಿದ್ದರು.

ಕಡಬದ_ಅಕ್ಕ
ತಿನ್ನಲಿಕ್ಕೆ ಎಂತ ಕೊಡುದು? ನಮ್ಮಲ್ಲಿ ಮಂಗರಬಳ್ಳಿ ಚಟ್ನಿ ಮಾಡ್ತಾರೆ. ತುಪ್ಪದಲ್ಲಿ ಚೆನ್ನಾಗಿ ಹುರಿದು ಹುಣಸೆಹುಳಿ ಹಾಕಬೇಕು, ಇಲ್ಲದಿದ್ರೆ ಗಂಟಲು ತುರಿಸ್ತದೆ.

ತೀರ್ಥಹಳ್ಳಿ_ಅಪ್ಪ
ನಮ್ಮ ಮನೆಯಲ್ಲಿ ಕಾಲು ಸೂಪು. ವಾರಕ್ಕೆರಡು ಸಲ, ಮೆಣಸು ಜೀರಿಗೆ ಜಾಸ್ತಿ ಹಾಕಿ. ಮಗನಿಗೆ ಪ್ಲಾಸ್ಟರ್ ದಿನಗಳಲ್ಲಿ ನೆನಪಿರುವ ಒಳ್ಳೆಯ ಸಂಗತಿ ಅದೊಂದೇ.

ಮೂಳೆಮನೆ (ಮೈಸೂರು)
ರಾಗಿ ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಅಕ್ಕಿಯಲ್ಲಿ ಅದರ ಲೆಕ್ಕಕ್ಕೇ ಇಲ್ಲ. ರಾಗಿ ಗಂಜಿ, ಹಾಲು, ಮೊಟ್ಟೆ, ಬೆಳಗಿನ ಬಿಸಿಲು. ಮಕ್ಕಳ ಮೂಳೆ ತಾನಾಗಿಯೇ ಬೇಗ ಕೂಡುತ್ತದೆ, ಆಹಾರ ಸಾಮಾನ್ಯವಾಗಿದ್ದರೆ ಸಾಕು. ಟಾನಿಕ್ಕಿಗೆ ದುಡ್ಡು ಸುರಿಯಬೇಡಿ.

ಖೋಖೋ_ತಾಯಿ (ದಾವಣಗೆರೆ)
ಇವತ್ತು ಹೋಗಿ ಬಂದೆವು. ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಸ್ಲ್ಯಾಬ್ ಬಿಚ್ಚಿದಾಗ ಗಂಟಿನ ಕೆಳಗೆಲ್ಲ ನೇರಳೆ, ಹಳದಿ ಬಣ್ಣ ಇಳಿದಿತ್ತು, ನಾನು ಹೆದರಿಬಿಟ್ಟೆ. ರಕ್ತ ಇಳಿದು ಬಣ್ಣ ತಿರುಗುವುದು ಅಂದರು. ಒಳಗಂಟು ಒತ್ತಿದರು, ಮುಂದೆ ಒತ್ತಿದರು, ಅವಳು ಸುಮ್ಮನಿದ್ದಳು. ಹೊರಗಂಟಿನ ತುದಿಗಿಂತ ಸ್ವಲ್ಪ ಕೆಳಗೆ, ಮುಂದಕ್ಕೆ ಒತ್ತಿದಾಗ ಮಾತ್ರ ಅಮ್ಮಾ ಅಂದಳು. ಓರೆ ಎಕ್ಸ್-ರೇ ಇರಲಿಲ್ಲ, ಅದನ್ನೂ ತೆಗೆಸಿದರು. ಟಿಬಿಯಾ ಸರಿ ಇದೆ. ಬಹುಶಃ ಇದು ಉಳುಕೇ, ಬಿರುಕಿದ್ದರೂ ಚಿಕಿತ್ಸೆ ಇದೇ ಅಂದರು. ಬ್ರೇಸ್ ತಂದೆವು. ಫಿಸಿಯೋ ಅವರು ಹೇಳಿದಂಥದ್ದೇ, ಅಂಗಡಿಯಲ್ಲಿ ಮೊದಲು ಬಟ್ಟೆಯದನ್ನೇ ಕೊಡಲು ಬಂದರು!

ಬ್ರೇಸ್ ಹಾಕಿಕೊಂಡು ಗೋಡೆ ಹಿಡಿದು ತಾನೇ ಪಾಯಿಖಾನೆಗೆ ಹೋದಳು. ಕುರ್ಚಿಯನ್ನೂ ಕೊರೆಸಿ ಇಟ್ಟಿದ್ದೇವೆ. ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು ಅತ್ತುಬಿಟ್ಟೆ.

ಕಡಬದ_ಅಕ್ಕ
ನನಗೂ ಕಣ್ಣು ತುಂಬಿತು.

ಫಿಸಿಯೋ_ಕೋಲಾರ
ತುಂಬಾ ಸಂತೋಷ. ಇನ್ನು ನನ್ನ ಪಾಠ ಕೇಳಿ. ದಿನಕ್ಕೆರಡು ಸಲ ಬ್ರೇಸ್ ಬಿಚ್ಚಿ, ಮಂಚದ ಮೇಲೆ ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಲಿ. ಅ ಆ ಇ ಈ, ಕೊನೆಯ ಳ ತನಕ. ನಮ್ಮ ಕನ್ನಡದ ಅಕ್ಷರ ದುಂಡಗೆ, ಗಂಟು ಎಲ್ಲ ದಿಕ್ಕಿಗೂ ಚೆನ್ನಾಗಿ ತಿರುಗುತ್ತದೆ. ನೋವು ನಿಂತ ಮೇಲೆ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಲಿ, ಮೊದಲು ಒಳ್ಳೆಯ ಕಾಲು, ಆಮೇಲೆ ಪೆಟ್ಟಾದ ಕಾಲು. ಪೆಟ್ಟಾದ ಕಾಲಲ್ಲಿ ಅರ್ಧ ನಿಮಿಷ ಅಲುಗಾಡದೆ ನಿಂತು, ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ ನೋವಿಲ್ಲ ಅಂದರೆ ಮಾತ್ರ ಖೋಖೋ. ಮೂರು ವಾರ ಆಯಿತು ಅಂತ ತಾರೀಖು ನೋಡಿ ಬಿಡಬೇಡಿ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಈ ಹಂತ ಬಿಟ್ಟಿದ್ದಕ್ಕೇ.

ಪಿಟಿ_ಮೇಷ್ಟ್ರು
ಶಾಲೆಗೆ ಚೀಟಿ ಬರೆಸಿಕೊಳ್ಳಿ. ಕೆಲವು ಕಡೆ ಪ್ಲಾಸ್ಟರ್ ಕಾಣದಿದ್ದರೆ ನಾಟಕ ಅಂದುಕೊಂಡು ಮೈದಾನಕ್ಕೆ ಅಟ್ಟುತ್ತಾರೆ. ಸ್ಕೋರ್ ಬರೆಯಲು ಕೂರಿಸಿ, ಆಟದ ಹತ್ತಿರವೇ ಇರಲಿ ಅವಳು.

ಖೋಖೋ_ತಾಯಿ (ದಾವಣಗೆರೆ)
ಇಪ್ಪತ್ತಮೂರನೇ ದಿನ. ಬ್ರೇಸ್ ಇಲ್ಲದೆ ಮನೆಯೊಳಗೆ ನಡೆಯುತ್ತಾಳೆ, ಹೊರಗೆ ಹೋಗುವಾಗ ಹಾಕುತ್ತೇವೆ. ಒಂಟಿಕಾಲಲ್ಲಿ ಹದಿನೆಂಟು ಎಣಿಸುವ ತನಕ ನಿಲ್ಲುತ್ತಾಳೆ, ಮೂವತ್ತಾಗಬೇಕು. ಅತ್ತೆಯವರು ರಾತ್ರಿ ಪಕ್ಕದಲ್ಲಿ ಕೂತು ಗಾಳಿಯಲ್ಲಿ ಅಕ್ಷರ ಬರೆಸುತ್ತಾರೆ. ನಾಟಿ ಕಟ್ಟಿನ ಮಾತು ನಿಂತಿದೆ. ಹುಬ್ಬಳ್ಳಿ ಮಾಮಾ, ನೀವು ಹೇಳಿದ್ದೂ ನಿಜವಾಯಿತು, ಎರಡು ಸಲ ಬ್ರೇಸ್ ಬಿಚ್ಚಿಟ್ಟು ಅಂಗಳಕ್ಕೆ ಹೋಗಿದ್ದಳು.

ಹುಬ್ಬಳ್ಳಿ_ಮಾಮಾ
ಹೇಳಿದ್ನೋ ಇಲ್ಲೋ! ಆದ್ರ ಆರಾಮ ಆಗ್ಯಾಳಲ್ಲ, ಅಷ್ಟ ಸಾಕು. ಆಕಿಗೆ ನನ್ನ ಆಶೀರ್ವಾದ ಹೇಳ್ರಿ.

ಹೊಸಬ_ಗದಗ
ತಡವಾಗಿ ಕೇಳುತ್ತಿದ್ದೇನೆ. ನಮ್ಮಣ್ಣನ ಮಗ, ಹನ್ನೆರಡೂವರೆ ವರ್ಷ, ನಿನ್ನೆ ಸೈಕಲ್ಲಿನಿಂದ ಬಿದ್ದಿದ್ದಾನೆ. ಇದನ್ನೆಲ್ಲ ಓದಿ ಒತ್ತಿ ನೋಡಿದೆ, ಒಳಗಂಟಿನ ಮೇಲೆ ನೋವು. ಬ್ರೇಸ್ ತರಲು ಅಂಗಡಿಗೆ ಹೊರಟಿದ್ದೆವು.

ಮೂಳೆಮನೆ (ಮೈಸೂರು)
ಒಳಗಂಟಾ? ಅಂಗಡಿಗೆ ಬೇಡ, ಆಸ್ಪತ್ರೆಗೆ ಹೋಗಿ, ಇವತ್ತೇ. ಕಾಲು ಊರಿಸಬೇಡಿ, ಎತ್ತಿಕೊಂಡು ಹೋಗಿ. ಮೂರು ಕಡೆಯಿಂದ ಎಕ್ಸ್-ರೇ ಕೇಳಿ.

ಹೊಸಬ_ಗದಗ
ಗಾಡಿ ತಿರುಗಿಸಿದೆವು ಸರ್. ಎಕ್ಸ್-ರೇ ಆದ ತಕ್ಷಣ ಇಲ್ಲೇ ಬರೆಯುತ್ತೇನೆ.